ಬೆಲ್ ಒತ್ತಿ ಕಾಯುತ್ತಿದ್ದ ಅಕ್ಕ

ಮೊನ್ನೆ ಅಕ್ಕ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಪ್ರೊಫೆಸರು ಕಾಲು ಗಂಟೆ ಮಾತಾಡಿದರು. ಸೇವೆ, ಶಿಸ್ತು, ಸಮಯಪಾಲನೆ ಎಲ್ಲ ಬಂತು, ಹೇಳಬೇಕಾದ್ದು ಮಾತ್ರ ಬರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರಿಗೆ ಮೊದಲಿನಿಂದಲೂ ಒಳ್ಳೆ ಅಭ್ಯಾಸ. ಅದಕ್ಕೇ ನಾನು ಬರೆಯಲು ಕೂತಿದ್ದೇನೆ.

ನಾನು ವಿಶ್ವವಿದ್ಯಾಲಯದ ವಿದ್ಯುತ್ ವಿಭಾಗದ ಸ್ಟೋರ್ ನೋಡಿಕೊಳ್ಳುವವನು. ಹುಡುಗರು ನನ್ನ ಬೆನ್ನ ಹಿಂದೆ ಏನು ಹೇಳುತ್ತಾರೆಂದು ಗೊತ್ತು: ಒಂದು ಸ್ಕ್ರೂ ಕೇಳಿದರೆ ಮೂರು ಸಹಿ ಕೇಳುವ ಪ್ರಾಣಿ. ಸರಿಯಾಗಿಯೇ ಹೇಳುತ್ತಾರೆ. ನನ್ನ ಕಿಟಕಿಯಿಂದ ಹೊರಗೆ ಹೋದ ಸಾಮಾನು ವಾಪಸ್ ಬಂದಾಗ ಅದನ್ನು ಮೇಜಿನ ಮೇಲಿಟ್ಟು, ವೈರು ಕೊಟ್ಟು, ಕೆಲಸ ಮಾಡುತ್ತದೋ ಇಲ್ಲವೋ ನಾನೇ ನೋಡಿ, ಆಮೇಲೆ ಕಪಾಟಿಗೆ ಸೇರಿಸುವುದು. ತಂದವರು ಯಾರೇ ಆಗಲಿ, ಅಲ್ಲಿಯವರೆಗೆ ಕಿಟಕಿಯ ಎದುರು ನಿಂತಿರಬೇಕು. ಎಲ್ಲರೂ ಗೊಣಗುತ್ತಾರೆ. ಒಂದು ದಿನವೂ ಗೊಣಗದೆ ನಿಂತವರು ಅಕ್ಕ ಒಬ್ಬರೇ.

ಅವರು ನನಗೂ ಅಕ್ಕ, ಪ್ರೊಫೆಸರಿಗೂ ಅಕ್ಕ, ನೆಲ ಒರೆಸುವ ಅಜ್ಜಿಗೂ ಅಕ್ಕ. ಬಾಗಿಲಿನ ಮೇಲೆ 'ಪ್ರಯೋಗಾಲಯ ಬೋಧಕಿ' ಎಂಬ ಹಲಗೆ ಇತ್ತು, ಅದನ್ನು ಓದಿದವರನ್ನು ನಾನು ಕಂಡಿಲ್ಲ. ಹದಿನಾರನೇ ವಯಸ್ಸಿಗೆ ಸೋದರಮಾವನ ಅಂಗಡಿಯಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಲು ಕೂತವರು. ಡಿಪ್ಲೊಮಾ ಮುಗಿಸಿದ್ದು ಸಂಜೆ ತರಗತಿಯಲ್ಲಿ. ಎಡಗೈಯ ತೋರುಬೆರಳಿನ ಮೇಲೆ ತಾಮ್ರದ ತಂತಿ ಕೊರೆದ ಗೆರೆಗಳು ಇಂದಿಗೂ ಇವೆ. ಪ್ರೊಫೆಸರು ಕರಿಹಲಗೆಯ ಮೇಲೆ ಬರೆದ ದೀಪ ನಿಜಕ್ಕೂ ಹತ್ತಬೇಕಾದರೆ ಅಕ್ಕನೇ ಬರಬೇಕಾಗಿತ್ತು.

'ಸ್ಮಾರ್ಟ್ ಹೋಮ್' ಎಂಬ ಹೊಸ ವಿಷಯ ಶುರುವಾಗಿದ್ದು ಆರು ವರ್ಷದ ಹಿಂದೆ. ಮೊದಲ ದಿನ ಪ್ರೊಫೆಸರು ಪರದೆಯ ಮೇಲೆ ಚಿತ್ರ ತೋರಿಸಿದರು. ಒಬ್ಬ ಮನುಷ್ಯ ಸೋಫಾದಲ್ಲಿ ಕಾಲು ಚಾಚಿದ್ದಾನೆ. ದೀಪ ತಾನೇ ಹತ್ತುತ್ತದೆ, ಫ್ಯಾನು ತಾನೇ ತಿರುಗುತ್ತದೆ, ಬಾಗಿಲು ತಾನೇ ತೆರೆಯುತ್ತದೆ. "ಮನೇನೇ ಯೋಚನೆ ಮಾಡ್ಬೇಕು. ಮನುಷ್ಯ ಕೈ ಎತ್ತೋ ಪ್ರಸಂಗಾನೇ ಬರಬಾರದು" ಎಂದರು. ಅಕ್ಕ ಕೊನೆಯ ಬೆಂಚಿನಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಮಾರನೆಯ ಬೆಳಗ್ಗೆ ನನ್ನ ಕಿಟಕಿಗೆ ಬಂದು, ಮೋಟಾರಿನ ತಂತಿ ಬಿಗಿಯಲು ಬಳಸುವ ಹತ್ತಿ ಪಟ್ಟಿ ಹತ್ತು ತುಂಡು ಕೇಳಿದರು.

"ಯಾವ ಮೋಟಾರಕ್ಕಾ?" ಎಂದೆ.

"ಮೋಟಾರಲ್ಲ ಸ್ಟೋರಣ್ಣ. ಮಕ್ಕಳ ಕೈ ಕಟ್ಟೋಕೆ."

ತಮಾಷೆ ಅಂದುಕೊಂಡೆ. ಅರ್ಧ ಗಂಟೆ ಬಿಟ್ಟು ಹೋಗಿ ನೋಡಿದರೆ ಹತ್ತು ಜನ ವಿದ್ಯಾರ್ಥಿಗಳು ಕೈಗಳನ್ನು ಕುರ್ಚಿಯ ಹಿಂದಕ್ಕೆ ಕಟ್ಟಿಸಿಕೊಂಡು ಕೂತಿದ್ದರು. ಉಳಿದ ಹತ್ತು ಜನ ಅವರ ಕೈಗಳಾಗಿ ಪಕ್ಕದಲ್ಲಿ ನಿಂತಿದ್ದರು. ಒಂದು ಗಂಟೆಯ ಪಾಠ, ಬೇಕಾದದ್ದನ್ನು ಕೇಳಿ ಮಾಡಿಸಿಕೊಳ್ಳಬೇಕು, ಅಷ್ಟೆ. ಮೊದಲ ಐದು ನಿಮಿಷ ನಗುವೋ ನಗು. ಒಬ್ಬನಿಗೆ ಮೂಗು ತುರಿಸಿತು. ಒಬ್ಬ ನೀರು ಕೇಳಿದ್ದಕ್ಕೆ ಅವನ 'ಕೈ' ಅರ್ಧ ಲೋಟ ಅಂಗಿಗೇ ಕುಡಿಸಿತು. ಇಪ್ಪತ್ತು ನಿಮಿಷಕ್ಕೆ ನಗು ನಿಂತಿತು. ನಲವತ್ತಕ್ಕೆ ಯಾರೂ ಏನೂ ಕೇಳುತ್ತಿರಲಿಲ್ಲ. ಕೊನೆಗೆ ಗಂಟು ಬಿಚ್ಚಿ ಅಕ್ಕ ಕೇಳಿದರು, "ಏನು ಕಷ್ಟ ಆಯ್ತು, ಹೇಳಿ." ಒಬ್ಬ ಫ್ಯಾನು ಅಂದ, ಒಬ್ಬ ಮೊಬೈಲು ಅಂದ. ಮುಂದಿನ ಸಾಲಿನಲ್ಲಿದ್ದ ಕನ್ನಡಕದ ಹುಡುಗಿ ಮಾತ್ರ ಮಣಿಕಟ್ಟು ಉಜ್ಜಿಕೊಳ್ಳುತ್ತ, "ಕೇಳಿದ್ದೆಲ್ಲ ಸಿಕ್ತು ಅಕ್ಕ. ಆದ್ರೆ ಪ್ರತಿಯೊಂದಕ್ಕೂ ಕೇಳ್ಬೇಕಲ್ಲ, ಅದೇ ಸಾಕಾಗಿಹೋಯ್ತು" ಎಂದಳು.

ಅಕ್ಕ ಕಿಟಕಿಯ ಕಡೆ ತಿರುಗಿದರು. ಬಾಗಿಲಲ್ಲಿ ನಿಂತಿದ್ದ ನನಗೆ ಅವರ ಮುಖ ಬಾಡಿದ್ದು ಕಂಡಿತು. ಆ ಮುಖ ಯಾಕೆ ಹಾಗಾಯಿತು ಎಂದು ತಿಳಿಯಲು ನನಗೆ ಇನ್ನೂ ಒಂದು ತಿಂಗಳು ಹಿಡಿಯಿತು.

ಅಕ್ಕನ ಗಂಡ ನಗರದ ಬಸ್ಸಿನಲ್ಲಿ ಇಪ್ಪತ್ತಾರು ವರ್ಷ ಕಂಡಕ್ಟರ್ ಆಗಿದ್ದವರು. ಅಕ್ಕನ ಗಂಡ ಎಂದ ಮೇಲೆ ಊರಿಗೆಲ್ಲ ಭಾವ. ನನಗೂ ಭಾವ, ಹುಡುಗರಿಗೂ ಭಾವ. ಬಾಯಿ ತೆರೆದರೆ ತಮಾಷೆ. ಮಕ್ಕಳಿಲ್ಲದ ಮನೆಯಲ್ಲಿ ಅವರೊಬ್ಬರೇ ನಾಲ್ಕು ಮಕ್ಕಳ ಗದ್ದಲ ಮಾಡುತ್ತಿದ್ದರು. ಒಂದು ದಿನ ಟಿಕೆಟ್ ಹರಿಯಲು ಹೋದರೆ ಬೆರಳು ಮಾತು ಕೇಳಲಿಲ್ಲ. ಮತ್ತೊಂದು ದಿನ ಬಸ್ಸಿನ ಕಂಬಿ ಕೈಜಾರಿತು. ಡಾಕ್ಟರು ನಾಲ್ಕಾರು ಪರೀಕ್ಷೆ ಮಾಡಿಸಿ ಅಕ್ಕನನ್ನು ಒಬ್ಬರನ್ನೇ ಕೂರಿಸಿಕೊಂಡು ಹೇಳಿದರಂತೆ: ಸ್ನಾಯುಗಳು ಒಂದೊಂದಾಗಿ ಸೋಲುತ್ತವೆ, ಮೊದಲು ಕೈ, ಆಮೇಲೆ ಕಾಲು, ಆಮೇಲೆ ಮಾತು, ಕೊನೆಗೆ ಉಸಿರು. ಬುದ್ಧಿಗೆ ಏನೂ ಆಗುವುದಿಲ್ಲ. ಎಲ್ಲ ಗೊತ್ತಾಗುತ್ತಲೇ ಇರುತ್ತದೆ.

ಎರಡು ವರ್ಷದಲ್ಲಿ ಭಾವ ಕ್ವಾರ್ಟರ್ಸಿನ ಮುಂದಿನ ಕೋಣೆಯ ಮಂಚಕ್ಕೆ ಬಂದು ಮುಟ್ಟಿದರು. ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ನರ್ಸಮ್ಮ. ನಾಲ್ಕೂವರೆಗೆ ಅಕ್ಕ. ನಡುವಿನ ಅರ್ಧ ಗಂಟೆ ಭಾವ ಒಬ್ಬರೇ. "ಅದು ನನ್ನ ಅರ್ಧ ಗಂಟೆ, ಅದಕ್ಕೆ ಯಾರೂ ಕೈ ಹಾಕ್ಬೇಡಿ" ಎನ್ನುತ್ತಿದ್ದರು. ಎದ್ದು ಬಾಗಿಲು ತೆಗೆಯಲಾಗದ ಮನುಷ್ಯನ ಮನೆ ನೋಡಿ, ಬಾಗಿಲಿಗೆ ಹಗಲೆಲ್ಲ ಚಿಲಕವೇ ಇಲ್ಲ. ತಳ್ಳಿದವರೆಲ್ಲ ಒಳಗೆ. ಒಂದು ಮಧ್ಯಾಹ್ನ ನರ್ಸಮ್ಮ ಬಟ್ಟೆ ಬದಲಿಸುತ್ತಿದ್ದಾಗ ಪಕ್ಕದ ಮನೆಯಾಕೆ ಪಾತ್ರೆ ಹಿಡಿದು ಸೀದಾ ಮಂಚದ ಹತ್ತಿರಕ್ಕೇ ಬಂದಳು. ಪಾಪ, ಪ್ರೀತಿಗೇ ಬಂದದ್ದು. ಭಾವ ಗೋಡೆಯ ಕಡೆ ಮುಖ ಹೊರಳಿಸಿದವರು ಸಂಜೆವರೆಗೆ ಈ ಕಡೆ ನೋಡಲಿಲ್ಲ. ಅಕ್ಕ ಬಂದಾಗ ತೊದಲುತ್ತ, ನಿಧಾನವಾಗಿ ಹೇಳಿದರು.

"ಇಪ್ಪತ್ತಾರು ವರ್ಷ, ನಾನು ವಿಷಲ್ ಊದದೆ ಒಬ್ಬನೂ ನನ್ನ ಬಸ್ಸು ಹತ್ತಿಲ್ಲ. ಈಗ ನನ್ನ ಮನೆಗೆ ಯಾರು ಬೇಕಾದ್ರೂ ಹತ್ತುತಾರೆ. ನಂಗೆ ಇನ್ನೇನೂ ಬೇಡ ಕಣೇ. ನನ್ನ ಬಾಗಿಲು ನಾನು ತೆಗೀಬೇಕು. ಬೇಡ ಅನ್ನಿಸಿದ್ರೆ ತೆಗೀಬಾರದು."

ಇದನ್ನು ಅಕ್ಕ ನನಗೆ ಹೇಳಿದ್ದು ಸ್ಟೋರಿನ ಮೆಟ್ಟಿಲ ಮೇಲೆ ಕೂತು. ಇದನ್ನೇ ವಿದ್ಯಾರ್ಥಿಗಳಿಗೆ ವರ್ಷದ ಕೆಲಸವಾಗಿ ಕೊಡಬಹುದೇ ಎಂಬುದು ಅವರ ಪ್ರಶ್ನೆ. "ಮನೆ ಕಷ್ಟಾನ ತಂದು ಬೋರ್ಡಿನ ಮೇಲೆ ಬರೆದ ಹಾಗಾಗಲ್ವಾ ಸ್ಟೋರಣ್ಣ?"

"ಅಲ್ಲಿ ಇಪ್ಪತ್ತು ತಲೆ ಇದೆ. ಇಲ್ಲಿ ನಿಮ್ದೊಂದೇ ತಲೆ ಬಿಸಿ ಮಾಡ್ಕೊಂಡು ಏನು ಕಡಿದು ಕಟ್ಟೆ ಹಾಕ್ತೀರಿ? ಕೇಳಿ ನೋಡಿ" ಎಂದೆ. ಜೀವಮಾನದಲ್ಲಿ ನಾನು ಕೊಟ್ಟ ಒಂದೇ ಒಂದು ಒಳ್ಳೆ ಸಲಹೆ ಅದು.

ಮೂವರು ಮುಂದೆ ಬಂದರು. ಅದೇ ಕನ್ನಡಕದ ಹುಡುಗಿ. ಎರಡನೆಯವನು ಕಂಪ್ಯೂಟರಿನವನು, ಊಟ ಮಾಡುವಾಗಲೂ ಬೆರಳು ಆಡಿಸುತ್ತಿದ್ದರಿಂದ ಎಲ್ಲರೂ ಅವನನ್ನು ಟಕಟಕ ಎನ್ನುತ್ತಿದ್ದರು. ಮೂರನೆಯವನು ಬಡಗಿಯ ಮಗ. ಮರ ಕಂಡರೆ ಮೊದಲು ಮೂಸಿ ನೋಡುವ ಜಾತಿ.

ಮೊದಲ ಪ್ರಯತ್ನದಲ್ಲಿ ಬುದ್ಧಿವಂತಿಕೆ ಹೆಚ್ಚಾಯಿತು. ಎರಡು ವಾರ ಒದ್ದಾಡಿ ಬಾಗಿಲಿಗೆ ಕ್ಯಾಮೆರಾ ಕೂರಿಸಿದರು. ಅಕ್ಕ, ನರ್ಸಮ್ಮ, ತಾವು ಮೂವರು, ಹೀಗೆ ಹನ್ನೆರಡು ಜನರ ಮುಖ ಅದಕ್ಕೆ ಕಲಿಸಿದ್ದರು. ಹುಡುಗಿ ಹೊರಗೆ ನಿಂತಳು, ಕ್ಯಾಮೆರಾ ನೋಡಿತು, ಚಿಲಕ ಟಕ್ಕೆಂದಿತು, ಬಾಗಿಲು ತೆರೆಯಿತು. ಮೂವರೂ ಹಲ್ಲು ಬಿಟ್ಟುಕೊಂಡು ಮಂಚದ ಕಡೆ ತಿರುಗಿದರು.

"ಬಾಗಿಲು ಚೆನ್ನಾಗಿ ಕೆಲಸ ಮಾಡ್ತಿದೆ," ಎಂದರು ಭಾವ. "ನನಗೇನು ಕೆಲಸ?"

ಮೂವರೂ ನಾಲಗೆ ಕಚ್ಚಿಕೊಂಡರು. ಮಾರನೆಯ ದಿನ ಕ್ಯಾಮೆರಾ ನನ್ನ ಕಿಟಕಿಗೆ ಬಂತು. ಪರೀಕ್ಷಿಸಿದೆ. ಏನೂ ದೋಷವಿರಲಿಲ್ಲ.

ಆಮೇಲೆ ಅವರು ಯಂತ್ರ ಬಿಟ್ಟು ಭಾವನನ್ನು ನೋಡತೊಡಗಿದರು. ದಿನಾ ಸಂಜೆ ಬಂದು ಮಂಚದ ಸುತ್ತ ಕೂರುವುದು, ಬಸ್ಸಿನ ಕತೆ ಕೇಳುವುದು. ಒಂದು ವಿಷಲಿಗೆ ಬಸ್ಸು ನಿಲ್ಲುತ್ತದೆ, ಎರಡು ವಿಷಲಿಗೆ ಹೊರಡುತ್ತದೆ ಎಂದು ಅವರು ಹೇಳಿದ ಸಂಜೆ ಹುಡುಗಿ ಎದ್ದು ನಿಂತಳಂತೆ. ಕೈಯಿಲ್ಲ, ಕಾಲಿಲ್ಲ, ಮಾತೂ ಹೋಗುತ್ತಿದೆ. ಉಸಿರಿದೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ತೆಳ್ಳನೆಯ ನಳಿಕೆ, ಅದರ ತುದಿಗೆ ಗಾಳಿಯ ಒತ್ತಡ ಅಳೆಯುವ ಉಗುರಿನಷ್ಟು ಸೆನ್ಸರ್, ಅದು ತೋರಿಸುವ ಒಂದು ನಂಬರು. ನಳಿಕೆ ಭಾವನ ತುಟಿಯ ಹತ್ತಿರ ಬಗ್ಗಿದ ಕಂಬಿಯ ಮೇಲೆ. ಒಮ್ಮೆ ಊದಿದರೆ ಚಿಲಕ ಬಿಡುತ್ತದೆ. ಎರಡು ಸಲ ಊದಿದರೆ ಹೊರಗಿನ ಗೋಡೆಯ ಮೇಲೆ ಕೆಂಪು ದೀಪ: ಈಗ ಬೇಡ, ಹೋಗಿ. ಬಡಗಿಯ ಮಗ ಬಾಗಿಲನ್ನು ಬಿಚ್ಚಿ, ತೋಪಡ ಹಿಡಿದು ಅಂಚು ಹೆರೆದು, ರಾಟೆಗೆ ಹಗ್ಗ ಕಟ್ಟಿ ಕಲ್ಲಿನ ಗುಂಡು ತೂಗಿಬಿಟ್ಟ. ಚಿಲಕ ಬಿಟ್ಟರೆ ಬಾಗಿಲು ಸದ್ದಿಲ್ಲದೆ ಒಂದು ಗೇಣು ಒಳಕ್ಕೆ ಸರಿಯುತ್ತಿತ್ತು. ಕರೆಂಟು ಹೋದರೆ ಇರಲೆಂದು ಬ್ಯಾಟರಿಯೂ ಇತ್ತು.

ಈ ಎರಡು ತಿಂಗಳು ಅಕ್ಕ ಒಂದು ವೈರನ್ನೂ ಮುಟ್ಟಲಿಲ್ಲ. ಹುಡುಗರು ತಪ್ಪು ಬೆಸುಗೆ ಹಾಕಿ ಹೊಗೆ ಎಬ್ಬಿಸುವಾಗಲೂ ಕೈಗಳನ್ನು ಬೆನ್ನ ಹಿಂದೆ ಹಿಡಿದು ನಿಂತಿರುತ್ತಿದ್ದರು. ತಾವು ಹತ್ತು ನಿಮಿಷದಲ್ಲಿ ಮಾಡಬಹುದಾದ ಕೆಲಸ, ಅದೂ ಸ್ವಂತ ಗಂಡನಿಗೆ ಬೇಕಾದದ್ದು! "ಒಂದು ಕೈ ಹಾಕಬಾರದೇ ಅಕ್ಕ?" ಎಂದರೆ, "ನಾನು ಮಾಡಿದ್ರೆ ಇವ್ರಿಗೆ ಒಂದು ಬಾಗಿಲಾಗುತ್ತೆ. ಮಕ್ಕಳು ಮಾಡಿದ್ರೆ ಮುಂದೆ ಎಷ್ಟೋ ಮನೆಗೆ ಆಗುತ್ತೆ" ಎಂದರು. ಬಯ್ಯುವ ಕೆಲಸ ಭಾವ ವಹಿಸಿಕೊಂಡಿದ್ದರು. "ತಡ! ನಾನು ಊದಿ ಎರಡು ಸೆಕೆಂಡಾದ್ಮೇಲೆ ತೆಗೀತು. ಪ್ಯಾಸೆಂಜರು ಸುಮ್ನೆ ಬಿಡ್ತಾರಾ?"

ಪರೀಕ್ಷೆಯ ದಿನ ಬಂತು. ಬೇರೆ ವಿಶ್ವವಿದ್ಯಾಲಯದಿಂದ ಪರೀಕ್ಷಕರು, ಜೊತೆಗೆ ಪ್ರೊಫೆಸರು, ಅಕ್ಕ, ಮೂವರು ವಿದ್ಯಾರ್ಥಿಗಳು, ಮೀಟರು ಹೊತ್ತ ನಾನು. ಹನ್ನೊಂದು ಗಂಟೆಗೆ ಎಂದು ಹೇಳಿದ್ದವರು ಹತ್ತೂಕಾಲಿಗೇ ಅಕ್ಕನ ಮನೆಯ ಮುಂದೆ ಹೋಗಿ ನಿಂತೆವು. ಪರೀಕ್ಷಕರಿಗೆ ರೈಲು ಹಿಡಿಯುವ ಆತುರವಂತೆ. ಕನ್ನಡಕದ ಹುಡುಗಿ ಬೆಲ್ ಒತ್ತಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಗೋಡೆಯ ಮೇಲೆ ಕೆಂಪು ದೀಪ ಹತ್ತಿತು.

"ಕೆಂಪು ಅಂದ್ರೆ?" ಎಂದರು ಪರೀಕ್ಷಕರು.

"ಏನೋ ಸಣ್ಣ ದೋಷ ಇರ್ಬೇಕು ಸರ್" ಎಂದು ಪ್ರೊಫೆಸರು ನಕ್ಕು, ಹುಡುಗರ ಕಡೆ ಕಣ್ಣು ಕೆಕ್ಕರಿಸಿದರು. ಟಕಟಕನ ಕೈ ಜೇಬಿಗೆ ಹೋದದ್ದನ್ನು ನಾನು ನೋಡಿದೆ. ಚಿಲಕ ಟಕ್ಕೆಂದಿತು. ಬಾಗಿಲು ಒಂದು ಗೇಣು ಸರಿಯಿತು. ಎಲ್ಲರೂ ಒಳಗೆ ನುಗ್ಗಿದೆವು.

ನರ್ಸಮ್ಮ ಭಾವನನ್ನು ಪಕ್ಕಕ್ಕೆ ಹೊರಳಿಸಿ ಬೆನ್ನು ಒರೆಸುತ್ತಿದ್ದಳು. ಮೈಮೇಲೆ ಅಂಗಿ ಇರಲಿಲ್ಲ. ಎಲುಬು ಎಣಿಸಬಹುದಾದ ಆ ಬೆನ್ನನ್ನು ಪರೀಕ್ಷಕರು ನೋಡಿದರು, ಪ್ರೊಫೆಸರು ನೋಡಿದರು, ನಾನೂ ನೋಡಿದೆ. ಭಾವ ನಮ್ಮ ಯಾರ ಕಡೆಯೂ ನೋಡಲಿಲ್ಲ. ಕತ್ತು ಹೊರಳಿಸಿ ಟಕಟಕನನ್ನು ನೋಡಿದರು.

"ನಾನು ಎರಡು ಊದಿದ್ದೆ" ಎಂದರು.

ಕೆಲಸ ನಡೆಯುತ್ತಿದ್ದ ಕಾಲದಲ್ಲಿ, ಪ್ರತಿಸಲ ಭಾವನಿಗೆ ಊದಿಸಿ ದಣಿಸುವುದು ಬೇಡವೆಂದು ಆ ಹುಡುಗ ತನ್ನ ಮೊಬೈಲಿನಿಂದಲೇ ಚಿಲಕ ಬಿಡುವ ಒಂದು ಕಳ್ಳದಾರಿ ಮಾಡಿಕೊಂಡಿದ್ದ. ಆ ಕಸುಬಿನವರೆಲ್ಲ ಮಾಡುತ್ತಾರಂತೆ, ಕೆಲಸ ಮುಗಿದ ಮೇಲೆ ತೆಗೆಯುತ್ತಾರಂತೆ. ಇವನು ತೆಗೆದಿರಲಿಲ್ಲ. ಉಂಡ ಮನೆಯ ಜಂತೆ ಎಣಿಸಿದ ಹಾಗಾಯಿತು. ಅಂಕ ಹೋದೀತು ಎಂಬ ಭಯದಲ್ಲಿ ಬೆರಳು ತಾನೇ ಒತ್ತಿಬಿಟ್ಟಿತ್ತು.

ಪರೀಕ್ಷಕರಿಗೆ ಇದೊಂದೂ ತಿಳಿಯದು. "ಬಹಳ ಚೆನ್ನಾಗಿದೆ, ಬಹಳ ಚೆನ್ನಾಗಿದೆ" ಎನ್ನುತ್ತ ಪೆನ್ನು ತೆಗೆದರು. ಅಕ್ಕ ಮುಂದೆ ಬಂದು ಮಂಚಕ್ಕೆ ಅಡ್ಡ ನಿಂತರು.

"ಇಲ್ಲ ಸರ್, ಕೆಲಸ ಮಾಡ್ಲಿಲ್ಲ. ಅವರು ಬೇಡ ಅಂದ್ರು, ಬಾಗಿಲು ತೆಗೀತು. ಹಾಗಂತಾನೇ ಬರ್ಕೊಳ್ಳಿ. ಈಗ ದಯವಿಟ್ಟು ಎಲ್ಲರೂ ಹೊರಗೆ ನಡೀರಿ."

ಹೊರಗೆ ಬಂದ ಮೇಲೆ ಪ್ರೊಫೆಸರು ಕೂಗಾಡಿದರು. ಹೊಸ ವಿಷಯದ ಮೊದಲ ತಂಡವೇ ಫೇಲಾದರೆ ಮರ್ಯಾದೆ ಏನು, ಮೇಲಿನವರಿಗೆ ಏನು ಹೇಳುವುದು. ಅಜ್ಜಿಗೆ ಅರಿವೆಯ ಚಿಂತೆ, ಮಗಳಿಗೆ ಗಂಡನ ಚಿಂತೆ. "ಸ್ವಂತ ಗಂಡನ ಕೆಲಸಾನ ನೀವೇ ಕೆಡಿಸ್ತೀರಲ್ಲ ಅಕ್ಕ!" ಎಂದರು. ಮೂವರೂ ಫೇಲಾದರು. ಅಕ್ಕನಿಗೆ ಒಂದು ನೋಟಿಸು ಬಂತು. ಪರೀಕ್ಷೆಯ ದಿನ ಮಧ್ಯಾಹ್ನವೇ ಅಕ್ಕ ನನ್ನ ಕಿಟಕಿಗೆ ಬಂದು, ತಮ್ಮ ಮನೆಯ ಬೀಗದ ಕೈಯನ್ನು ಚೀಲದಿಂದ ತೆಗೆದು ನನ್ನ ಮುಂದಿಟ್ಟರು.

"ಇದನ್ನ ನಿಮ್ಮ ಹಿಂದಿನ ಗೋಡೆ ಮೊಳೆಗೆ ತೂಗಿ ಹಾಕಿ ಸ್ಟೋರಣ್ಣ. ಮಕ್ಕಳಿಗೆ ಹೇಳೋಕೆ ಮುಂಚೆ ನಾನು ಬಿಡ್ಬೇಕಲ್ಲ. ಇಷ್ಟು ದಿನ ಬೆಲ್ ಒತ್ತದೆ, ಕೈ ಹಾಕಿ ತೆಗೆದುಕೊಂಡು ಒಳಗೆ ಹೋಗ್ತಿದ್ದವಳು ನಾನೇ."

ಮೂವರು ಮಕ್ಕಳು ಮಾರನೆಯ ದಿನ ಕ್ಷಮೆ ಕೇಳಲು ಹೋದರು. ಬೆಲ್ ಒತ್ತಿದರು. ಕೆಂಪು ದೀಪ. ಎರಡನೆಯ ದಿನವೂ ಕೆಂಪು. ಮೂರನೆಯ ದಿನ ಅವರ ಜೊತೆಗೆ ಅಕ್ಕನೂ ಇದ್ದರು, ಅವರಿಗೂ ಕೆಂಪು! ಸ್ವಂತ ಮನೆಯ ಮೆಟ್ಟಿಲ ಮೇಲೆ ಶಿಷ್ಯರ ಜೊತೆ ಅರ್ಧ ಗಂಟೆ ಕೂತು, "ಇವ್ರ ಹಠ ನಂಗೆ ಹೊಸದಲ್ಲ ಬಿಡ್ರೋ" ಎಂದು ನಕ್ಕರಂತೆ. ಆ ವರ್ಷ ಅಕ್ಕ ನಕ್ಕದ್ದನ್ನು ನಾನು ಕೇಳಿದ್ದು ಅದೊಂದೇ. ಆ ಸಂಜೆ ಮಕ್ಕಳು ಹೋದ ಮೇಲೆಯೇ ಅಕ್ಕನಿಗೆ ಬಾಗಿಲು ತೆರೆಯಿತಂತೆ. ನಾಲ್ಕನೆಯ ದಿನ ಮಕ್ಕಳಿಗೂ ಚಿಲಕ ಟಕ್ಕೆಂದಿತು.

ಟಕಟಕ ಮಂಚದ ಪಕ್ಕ ನೆಲದ ಮೇಲೆ ಕೂತು ಅತ್ತ. ಭಾವ ನೋಡುತ್ತಿದ್ದ ಹಾಗೆ ಮೊಬೈಲಿನ ಕಳ್ಳದಾರಿ ಅಳಿಸಿದ. ಹುಡುಗಿ ಅಷ್ಟಕ್ಕೇ ಬಿಡಲಿಲ್ಲ. ಬೋರ್ಡಿನಿಂದ ವೈರ್‌ಲೆಸ್ಸಿನ ತುಣುಕನ್ನೇ ಕಿತ್ತು ಭಾವನ ದಿಂಬಿನ ಪಕ್ಕ ಇಟ್ಟಳು. "ಇನ್ಮೇಲೆ ಈ ಬಾಗಿಲು ಹೊರಗಿನವರ ಯಾರ ಮಾತೂ ಕೇಳಲ್ಲ ಭಾವ."

"ಆಯ್ತು, ಒಳಗೆ ಬನ್ನಿ, ಒಳಗೆ ಬನ್ನಿ" ಎಂದರು ಭಾವ, ಹಳೆಯ ಕಂಡಕ್ಟರ್ ಧಾಟಿಯಲ್ಲಿ. "ಮೆಟ್ಟಿಲ ಮೇಲೆ ನಿಂತ್ಕೋಬೇಡಿ. ಹಿಂದೆ ಖಾಲಿ ಇದೆ."

ಮುಂದಿನ ಸಲ ಮೂವರೂ ಪಾಸಾದರು. ಅಂಕ ಸಿಕ್ಕ ಮೇಲೆ ಯಾರು ಬರುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ನನ್ನ ಮಾತು ಸುಳ್ಳಾಯಿತು, ಸುಳ್ಳಾದದ್ದಕ್ಕೆ ಸಂತೋಷವಿದೆ. ಪ್ರತಿ ಶನಿವಾರ ಬಂದರು. ಬರಲೇಬೇಕಾಗಿತ್ತು. ಎಷ್ಟು ಊದಿದರೆ ಚಿಲಕ ಬಿಡಬೇಕು ಎಂಬ ನಂಬರು ಮೊದಲು ನಲವತ್ತಿತ್ತು. ಒಂದು ವಾರ ಭಾವ ಮೂರು ಸಲ ಊದಿದರೂ ಬಾಗಿಲು ಕದಲಲಿಲ್ಲ. ಟಕಟಕ ವೈರು ಹಚ್ಚಿ, "ಇಳಿಸ್ಲಾ ಭಾವ?" ಎಂದ. ಅವರು ಕಣ್ಣು ಮಿಟುಕಿಸಿದರು. ಮೂವತ್ತೆರಡಾಯಿತು. ಆಮೇಲೆ ಇಪ್ಪತ್ತೈದು. ಹದಿನೆಂಟು. ಪ್ರತಿ ಸಲವೂ ಕೇಳಿಯೇ ಇಳಿಸುತ್ತಿದ್ದ. ಎಂಟಕ್ಕೆ ಬಂದಾಗ ಫ್ಯಾನಿನ ಗಾಳಿಗೇ ಬಾಗಿಲು ತೆರೆಯತೊಡಗಿತು, ಅದಕ್ಕೆ ಫ್ಯಾನು ಆರಿಸಿದರು. ಆ ಸೆಕೆಯಲ್ಲಿ ಭಾವನ ಹಣೆಯ ಬೆವರನ್ನು ನರ್ಸಮ್ಮ ಒರೆಸುತ್ತಲೇ ಇರಬೇಕಾಗಿತ್ತು. ಫ್ಯಾನು ಬೇಕೋ ಬಾಗಿಲು ಬೇಕೋ ಎಂದು ಅಕ್ಕ ಕೇಳಿದರಂತೆ. ಭಾವ ಬಾಗಿಲಿನ ಕಡೆ ನೋಡಿದರು.

ಮಾತು ಪೂರ್ತಿ ನಿಂತಿತು. ಎರಡು ಸಲ ಊದುವ ಶಕ್ತಿ ಹೋಯಿತು. ಕೆಂಪು ದೀಪ ಮತ್ತೆ ಹತ್ತಲಿಲ್ಲ. ನರ್ಸಮ್ಮ ಈಗ ಅಕ್ಕ ಬರುವವರೆಗೆ ಮನೆ ಬಿಟ್ಟು ಹೋಗುತ್ತಿರಲಿಲ್ಲ. ಆ ಅರ್ಧ ಗಂಟೆ ಮಾತ್ರ ಅಡುಗೆಮನೆಯಲ್ಲಿ ಕೂತಿರುತ್ತಿದ್ದಳು. ಬಾಗಿಲು ತನಗೆ ನಾಲ್ಕೇ ಹೆಜ್ಜೆ, ಆದರೂ ಮುಟ್ಟುವ ಹಾಗಿಲ್ಲ. ಗಂಡ ಹೆಂಡತಿಯ ಒಪ್ಪಂದ ಹೀಗಿತ್ತು: ಅಕ್ಕ ಒಂದೇ ಸಲ ಬೆಲ್ ಒತ್ತುವುದು. ಹತ್ತು ನಿಮಿಷ ಕಾಯುವುದು. ಆಗಲೂ ಆಗದಿದ್ದರೆ ನರ್ಸಮ್ಮ ತೆಗೆಯುವುದು.

ಕೊನೆಯ ಶನಿವಾರ ಟಕಟಕ ನಂಬರನ್ನು ಮೂರಕ್ಕೆ ಇಳಿಸಿದ. "ಮೂರಕ್ಕೆ ಇಟ್ರೆ ಸುಮ್ನೆ ಉಸಿರಾಡಿದ್ರೂ ತೆಗೆಯುತ್ತಲ್ಲೋ" ಎಂದು ಬಡಗಿಯ ಮಗ ಪಿಸುಗುಟ್ಟಿದ. "ಅವರ ಸುಮ್ನೆ ಉಸಿರು ಒಂದು ದಾಟಲ್ಲ" ಎಂದಳು ಹುಡುಗಿ. ಅವಳು ನೋಡಿ ಬರೆದುಕೊಂಡಿದ್ದಳು.

ಅದಾದ ಬುಧವಾರ ಸಂಜೆ ನಾನು ಅಕ್ಕನ ಜೊತೆಗೇ ನಡೆದು ಬಂದೆ. ನನ್ನ ಕ್ವಾರ್ಟರ್ಸೂ ಅದೇ ಸಾಲಿನಲ್ಲಿದೆ. ಅಕ್ಕ ಬೆಲ್ ಒತ್ತಿ, ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ನಾನೂ ನಿಂತೆ. ನಾಲ್ಕು ನಿಮಿಷವಾಯಿತು. ಐದಾಯಿತು. ನನ್ನ ತಾಳ್ಮೆ ಎಷ್ಟೆಂದು ಎಲ್ಲರಿಗೂ ಗೊತ್ತು.

"ನರ್ಸಮ್ಮ ಒಳಗೇ ಇದಾಳಲ್ಲ ಅಕ್ಕ, ಒಂದು ಕೂಗು ಹಾಕಿ" ಎಂದೆ.

"ಸುಮ್ನಿರಿ ಸ್ಟೋರಣ್ಣ. ಅವರು ಕೆಲಸದಲ್ಲಿದಾರೆ."

ಏಳು. ಎಂಟು. ಅಕ್ಕನ ಕಣ್ಣು ಚಿಲಕದಿಂದ ಕದಲಲಿಲ್ಲ. ಒಳಗೆ ಆದದ್ದನ್ನು ನರ್ಸಮ್ಮ ಆಮೇಲೆ ಹೇಳಿದಳು. ಬೆಲ್ ಕೇಳಿದ ಕೂಡಲೇ ಭಾವ ಶುರುಮಾಡಿದರಂತೆ. ಬೋರ್ಡು ಎರಡು ತೋರಿಸಿತು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಸುಧಾರಿಸಿಕೊಂಡರು. ಮತ್ತೆ ಎರಡು. ಮತ್ತೆ ಎರಡು. ಅಡುಗೆಮನೆಯ ಬಾಗಿಲಲ್ಲಿ ಅವಳು ಸೆರಗು ಕಚ್ಚಿಕೊಂಡು ಕೂತಿದ್ದಳು. ಏಳು ಸಲ ಎಣಿಸಿದಳಂತೆ.

ಒಂಬತ್ತನೆಯ ನಿಮಿಷಕ್ಕೆ ಚಿಲಕ ಟಕ್ಕೆಂದಿತು. ಬಾಗಿಲು ಒಂದು ಗೇಣು ಸರಿಯಿತು. ಅಕ್ಕ ಚಪ್ಪಲಿ ಬಿಟ್ಟು ಒಳಗೆ ಹೋಗಿ, ದಿನಾ ಹೇಳುವ ಹಾಗೆ "ಬಂದೆ" ಎಂದರು. ನಾನು ಒಳಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತು ಅತ್ತೆ. ನಾನು ಅಳುವ ಆಸಾಮಿಯಲ್ಲ.

ಶುಕ್ರವಾರ ಬೆಳಗ್ಗೆ ಭಾವ ಹೋದರು. ಅಕ್ಕ ಕೈ ಹಿಡಿದುಕೊಂಡು ಕೂತಿದ್ದರು.

ಎರಡು ವಾರ ಆ ಮನೆಯ ತುಂಬ ಜನ, ಬಾಗಿಲು ಮುಚ್ಚಲೇ ಇಲ್ಲ. ಕೊನೆಯ ನೆಂಟರು ಹೊರಟ ದಿನ ಬಡಗಿಯ ಮಗ ಬಂದು ಆ ಚಿಲಕ ಬಿಚ್ಚಿ, ಹಳೆಯ ಬೀಗವೊಂದನ್ನೇ ಬಾಗಿಲಿಗೆ ಉಳಿಸಿದನಂತೆ. ಆ ಮಧ್ಯಾಹ್ನವೇ ಅಕ್ಕ ನನ್ನ ಕಿಟಕಿಗೆ ಬಂದರು. ಹಳೆ ಪತ್ರಿಕೆಯಲ್ಲಿ ಸುತ್ತಿದ ಗಂಟು. ಬಿಚ್ಚಿದರೆ ಸೆನ್ಸರು, ನಳಿಕೆ, ಬೋರ್ಡು, ಚಿಲಕ.

"ಇದು ಹಾಳಾಗಿದೆ ಅಂತ ಬರ್ಕೋತೀನಿ ಅಕ್ಕ. ನೀವೇ ಇಟ್ಕೊಳ್ಳಿ" ಎಂದೆ. ಇಷ್ಟು ವರ್ಷದಲ್ಲಿ ನಾನು ಹಾಗೆ ಅಂದದ್ದು ಅದೇ ಮೊದಲು.

"ಯಾಕೆ? ಮುಂದಿನ ಬ್ಯಾಚಿನ ಮಕ್ಕಳಿಗೆ ಬೇಕಾಗುತ್ತೆ. ನಿಮ್ಮ ಪರೀಕ್ಷೆ ಮಾಡಿ. ಕಾಯ್ತೀನಿ."

ಎಂದಿನಂತೆ ಕಿಟಕಿಯ ಎದುರು ನಿಂತರು. ನಾನು ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿ ವೈರು ಕೊಟ್ಟೆ. ಬೋರ್ಡಿನ ಮೇಲೆ ಮೂರು ಎಂದು ಇನ್ನೂ ಇತ್ತು. ಯಾರೂ ಬದಲಿಸಿರಲಿಲ್ಲ. ನಳಿಕೆಗೆ ಹೊಸ ತುದಿ ಹಾಕಿ ತುಟಿಗಿಟ್ಟುಕೊಂಡೆ. ಊದಬೇಕೆಂದು ಸಿದ್ಧವಾದೆ. ಊದುವ ಮೊದಲೇ ಚಿಲಕ ಟಕ್ಕೆಂದಿತು.

ಎಲ್ಲೋ ಶಾರ್ಟ್ ಆಗಿರಬೇಕೆಂದು ವೈರುಗಳನ್ನು ನೋಡಿದೆ. ಸರಿಯಾಗಿದ್ದವು. ಮತ್ತೆ ಚಿಲಕ ಹಾಕಿ ನಳಿಕೆ ತುಟಿಗಿಟ್ಟು ಏನೂ ಮಾಡದೆ ಸುಮ್ಮನೆ ಕೂತೆ. ಟಕ್. ಮತ್ತೆ ಹಾಕಿದೆ. ಟಕ್. ಸುಮ್ಮನೆ ಕೂತವನ ಉಸಿರಿಗೆ ಬೋರ್ಡು ಹನ್ನೊಂದು ತೋರಿಸುತ್ತಿತ್ತು. ಮೂರು ಮುಟ್ಟಲು ಭಾವ ಒಂಬತ್ತು ನಿಮಿಷ ದುಡಿದಿದ್ದರು. ನಳಿಕೆಯನ್ನು ಕೆಳಗಿಟ್ಟು, ವೈರುಗಳನ್ನು ಒಂದೊಂದಾಗಿ ಬಿಚ್ಚತೊಡಗಿದೆ.

"ಕೆಲಸ ಮಾಡ್ತಿದೆಯಾ ಸ್ಟೋರಣ್ಣ?"

"ಮಾಡ್ತಿದೆ ಅಕ್ಕ."

ಪುಸ್ತಕ ಮುಂದಿಟ್ಟೆ, ಸಹಿ ಹಾಕಿದರು. ಹಾಕಿಯೂ ಕಿಟಕಿ ಬಿಟ್ಟು ಹೋಗಲಿಲ್ಲ, ನನ್ನ ಹಿಂದಿನ ಗೋಡೆಯನ್ನು ನೋಡುತ್ತ ನಿಂತರು. ನನಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಎದ್ದು ಮೊಳೆಯಿಂದ ಬೀಗದ ಕೈ ತೆಗೆದು ಕೊಟ್ಟೆ. ಅವರಿಗೆ ಇನ್ನು ಮೇಲೆ ಅದು ಬೇಕಾಗಿತ್ತು.